ಹಳೆ ಕಿಟಕಿ ಫ್ರೇಮ್ ಬದಲಿಸುವುದು: ಗೋಡೆ ಒಡೆಯದಂತೆ, ಮಳೆಗೆ ಸೋರದಂತೆ ಮಾಡುವ ಕ್ರಮ

ಹೊಸ ಕಿಟಕಿ ಹಾಕಿಸಿದ ಮೊದಲ ಮಳೆಗಾಲದಲ್ಲಿ ಬರುವ ದೂರು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಕಿಟಕಿ ಕೆಳಗೆ ಗೋಡೆ ಒದ್ದೆಯಾಗಿ ಬಣ್ಣ ಉಬ್ಬಿದೆ, ಸ್ಲೈಡಿಂಗ್ ಕದ ಅರ್ಧಕ್ಕೆ ಬಂದು ನಿಲ್ಲುತ್ತದೆ. ಕಿಟಕಿ ಹಾಕಿದವರನ್ನು ಕೇಳಿದರೆ ಗಾರೆಯವರನ್ನು ತೋರಿಸುತ್ತಾರೆ. ಗಾರೆಯವರನ್ನು ಕೇಳಿದರೆ ಕಿಟಕಿಯವರನ್ನು. ಮನೆಯವರು ಇನ್ನೊಂದು ಟ್ಯೂಬ್ ಸಿಲಿಕೋನ್ ತಂದು ಬಳಿಯುತ್ತಾರೆ, ಮುಂದಿನ ಮಳೆಗೆ ಮತ್ತೆ ಅದೇ ಪಾಡು.

ಬಹುಪಾಲು ಕಡೆ ಸಾಮಾನು ಚೆನ್ನಾಗಿಯೇ ಇರುತ್ತದೆ, ತಪ್ಪಿರುವುದು ಕೆಲಸದ ಕ್ರಮ. ನಮ್ಮ ಮೇಸ್ತ್ರಿಗಳಿಗೆ ಮರದ ಫ್ರೇಮ್ ಕೂರಿಸಿ ಅಭ್ಯಾಸ. ಅಲ್ಲಿ ಮೊದಲು ಫ್ರೇಮ್ ನಿಲ್ಲಿಸಿ, ಆಮೇಲೆ ಅದಕ್ಕೆ ತಾಗಿಸಿ ಗಾರೆ ಮಾಡುತ್ತಾರೆ. ಯುಪಿವಿಸಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಮತ್ತು ಅಲ್ಯೂಮಿನಿಯಂ ಕಿಟಕಿಗೆ ಇದು ಪೂರ್ತಿ ಉಲ್ಟಾ. ಮೊದಲು ಗಾರೆ ಮುಗಿಸಿ, ಓಪನಿಂಗನ್ನು, ಅಂದರೆ ಗೋಡೆಯಲ್ಲಿ ಕಿಟಕಿ ಕೂರುವ ಜಾಗವನ್ನು, ಮೂಲೆಮಟ್ಟಕ್ಕೆ ತಂದು, ಅದು ಗಟ್ಟಿಯಾದ ಮೇಲೆ ಫ್ರೇಮ್ ಕೂರಿಸಬೇಕು. ಈ ಒಂದು ವ್ಯತ್ಯಾಸ ತಿಳಿಯದೆ ಹಾಳಾದ ಕಿಟಕಿಗಳು ಲೆಕ್ಕವಿಲ್ಲದಷ್ಟು.

ಈ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್–ಮೇನಲ್ಲಿ ಗಾಳಿಯ ಜೊತೆ ಬರುವ ಮುಂಗಾರುಪೂರ್ವ ಮಳೆ ಮನೆಯೊಳಗೇ ನುಗ್ಗುತ್ತದೆ, ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾರೆ ಒಣಗುವುದೇ ಕಷ್ಟ.

ಹಂತ 1: ಫ್ರೇಮ್ ನಿಜಕ್ಕೂ ಕೆಟ್ಟಿದೆಯಾ?

ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಅದರ ಹಿಡಿಯಿಂದ ಫ್ರೇಮಿನ ನಾಲ್ಕೂ ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಕ್ ಟಕ್ ಎನ್ನುತ್ತದೆ. ಒಳಗೆ ಗೆದ್ದಲು ತಿಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಆಮೇಲೆ ತುದಿಯಿಂದ ಚುಚ್ಚಿ ನೋಡಿ, ಮುಖ್ಯವಾಗಿ ಕೆಳಗಿನ ಅಡ್ಡಪಟ್ಟಿಯನ್ನು, ಅದು ಎರಡು ಪಕ್ಕದ ಕಂಬಗಳಿಗೆ ಸೇರುವ ಮೂಲೆಗಳನ್ನು. ಜೋರು ಹಾಕದೆಯೇ ತುದಿ ಒಳಗೆ ಇಳಿದರೆ ಮರ ಹೋಗಿದೆ ಎಂದೇ ಅರ್ಥ. ಎನಾಮಲ್ ಬಣ್ಣದ ಪದರ ಹೊರಗೆ ನೆಟ್ಟಗಿರುತ್ತದೆ, ಒಳಗೆ ಬರೀ ಮಣ್ಣು ತುಂಬಿರುತ್ತದೆ. ಕಣ್ಣಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ಕೆಳಪಟ್ಟಿ ಮಾತ್ರ ಕೊಳೆತು, ಉಳಿದದ್ದು ಗಟ್ಟಿ ಸಾಗುವಾನಿ ಅಥವಾ ಹೊನ್ನೆ ಆಗಿದ್ದರೆ ಫ್ರೇಮನ್ನೇ ಕೀಳುವ ಅಗತ್ಯವಿಲ್ಲ. ಒಳ್ಳೆಯ ಬಡಗಿ ಕೆಟ್ಟ ಭಾಗ ಕತ್ತರಿಸಿ ಅದೇ ಜಾತಿಯ ಮರದ ತುಂಡು ಜೋಡಿಸುತ್ತಾನೆ. ಆ ಕಾಲದ ಮರಕ್ಕೆ ಇವತ್ತು ಅಂಗಡಿಯಲ್ಲಿ ಸಿಗುವ ಎಳೆಯ ಮರ ಸಾಟಿಯಲ್ಲ. ಕದ ಬಿಗಿಯಾಗಿದೆ ಎಂಬ ಒಂದೇ ಕಾರಣಕ್ಕೂ ಫ್ರೇಮ್ ಬದಲಿಸಬೇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬೇಸಿಗೆಯಲ್ಲಿ ಕದದ ಅಂಚು ಸ್ವಲ್ಪ ಹೆರೆದರೆ ಸಾಕು.

ಸೋರುತ್ತಿದೆ ಎಂದು ಬದಲಿಸುವವರು ಒಮ್ಮೆ ಮೇಲೆ ನೋಡಿ. ಕಲೆ ಕಿಟಕಿಯ ಮೇಲಿನ ಮೂಲೆಯಿಂದ ಶುರುವಾಗಿದ್ದರೆ ನೀರು ಬರುತ್ತಿರುವುದು ಸಜ್ಜಾ ಮತ್ತು ಗೋಡೆ ಸೇರುವ ಬಿರುಕಿನಿಂದ ಇರಬಹುದು. ಹಾಗಿದ್ದರೆ ಎಷ್ಟೇ ದುಬಾರಿ ಕಿಟಕಿ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ಮೊದಲು ಆ ಬಿರುಕು ಮುಚ್ಚಿಸಿ.

ಹಂತ 2: ಮೇಲಿನ ಗೋಡೆಯ ಭಾರ ಯಾರು ಹೊತ್ತಿದ್ದಾರೆ?

ಇದನ್ನು ಯಾರೂ ನೋಡುವುದಿಲ್ಲ. ಜೀವಕ್ಕೆ ಅಪಾಯ ಇರುವುದು ಇಲ್ಲೇ.

ಆರ್‌ಸಿಸಿ ಮನೆಯಲ್ಲಿ ಕಿಟಕಿ ಮೇಲೆ ಲಿಂಟಲ್ (ಕಾಂಕ್ರೀಟಿನ ಅಡ್ಡತೊಲೆ) ಇರುತ್ತದೆ, ಭಾರ ಅದರ ಮೇಲೆ. ಹಳೆ ಹೆಂಚಿನ ಮನೆ, ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳಲ್ಲಿ ಹಾಗೆ ಇರಲೇಬೇಕು ಅಂತಿಲ್ಲ. ಒಂದು ಕಲ್ಲು ಚಪ್ಪಡಿ, ಇಲ್ಲವೇ ಮರದ ಹಲಗೆ ಇಟ್ಟಿರುತ್ತಾರೆ. ಕೆಲವು ಕಡೆ ಅದೂ ಇಲ್ಲದೆ ದಪ್ಪ ಮರದ ಫ್ರೇಮೇ ಮೇಲಿನ ಗೋಡೆಯನ್ನು ಹೊತ್ತಿರುತ್ತದೆ. ಅಂಥ ಫ್ರೇಮ್ ಕಿತ್ತರೆ ಗೋಡೆ ಕುಸಿಯುತ್ತದೆ.

ಫ್ರೇಮಿನ ಮೇಲೆ, ಒಳಗಿನಿಂದ, ಒಂದು ಅಂಗೈ ಅಗಲದಷ್ಟು ಗಾರೆ ಕೆತ್ತಿ ನೋಡಿ. ಕಾಂಕ್ರೀಟ್ ಅಥವಾ ಚಪ್ಪಡಿ ಕಂಡು, ಅದು ಎರಡೂ ಪಕ್ಕ ಫ್ರೇಮ್ ದಾಟಿ ಗೋಡೆಯೊಳಗೆ ಕನಿಷ್ಠ 6 ಇಂಚು ಹೋಗಿದ್ದರೆ ಮುಂದುವರಿಯಬಹುದು. ನೇರವಾಗಿ ಇಟ್ಟಿಗೆ ಅಥವಾ ಮಣ್ಣು ಕಂಡರೆ ನಿಲ್ಲಿಸಿ. ಇನ್ನೆರಡು ಎಚ್ಚರಿಕೆ ಗುರುತುಗಳಿವೆ. ಫ್ರೇಮಿನ ಮೇಲಿನ ಪಟ್ಟಿ ಮಧ್ಯದಲ್ಲಿ ಕೆಳಗೆ ಬಾಗಿರುವುದು ಒಂದು, ಮೇಲಿನ ಮೂಲೆಗಳಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು ಇನ್ನೊಂದು. ಇವು ಇದ್ದರೆ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಜಾಕ್ ಅಥವಾ ದಪ್ಪ ಸರ್ವೆ ಕಂಬ ಕೊಟ್ಟು, ಮೊದಲು ಹೊಸ ಲಿಂಟಲ್ ಕೂರಿಸಿ, ಆಮೇಲೆಯೇ ಫ್ರೇಮ್ ಮುಟ್ಟಬೇಕು. ಒಂದೇ ಗೋಡೆಯ ಎರಡು ಕಿಟಕಿಗಳನ್ನು ಒಂದೇ ದಿನ ಕೀಳುವುದಂತೂ ಬೇಡವೇ ಬೇಡ.

ಹಂತ 3: ಯಾವ ಫ್ರೇಮ್, ಗ್ರಿಲ್ ಎಲ್ಲಿ?

ಗೆದ್ದಲು ಕಾಟ ಇರುವ ಮನೆಗೆ ಯುಪಿವಿಸಿ ಅಥವಾ ಅಲ್ಯೂಮಿನಿಯಂ ನನ್ನ ಸಲಹೆ. ಗಾಳಿ ಜೋರಾಗಿ ಹೊಡೆಯುವ ಎತ್ತರದ ಮಹಡಿ, 6 ಅಡಿಗಿಂತ ಅಗಲದ ಕಿಟಕಿ ಆದರೆ ಅಲ್ಯೂಮಿನಿಯಂ ಕಡೆ ವಾಲುತ್ತೇನೆ, ಅದು ಬಾಗುವುದು ಕಡಿಮೆ. ಯುಪಿವಿಸಿ ತೆಗೆದುಕೊಂಡರೆ ಒಳಗೆ ಗ್ಯಾಲ್ವನೈಸ್ಡ್ ಸ್ಟೀಲ್ ಪಟ್ಟಿ ಹಾಕಿದ್ದಾರಾ ಎಂದು ಕೇಳಿ. ಆರ್ಡರ್ ಹಾಳೆಯಲ್ಲಿ ಅದನ್ನು ಬರೆಸಿಕೊಳ್ಳಿ.

ಗ್ರಿಲ್ ವಿಷಯ ಆರ್ಡರ್ ಕೊಡುವ ಮುಂಚೆಯೇ ತೀರ್ಮಾನ ಆಗಬೇಕು. ಹಳೆ ಮರದ ಕಿಟಕಿಯಲ್ಲಿ ಕಂಬಿ ಫ್ರೇಮಿನಲ್ಲೇ ಇರುತ್ತದೆ, ಕದ ಹೊರಗೆ ತೆರೆಯುತ್ತದೆ. ಹೊಸ ಕಿಟಕಿಗೆ ಗ್ರಿಲ್ ಹೊರಗಡೆ ಗೋಡೆಗೆ ಹಾಕಿಸಿದರೆ ಹೊರಗೆ ತೆರೆಯುವ ಕದ ಇಡುವ ಹಾಗಿಲ್ಲ. ಸ್ಲೈಡಿಂಗ್ ಬೇಕು, ಇಲ್ಲ ಒಳಗೆ ತೆರೆಯುವ ಕದ ಬೇಕು. ಸೊಳ್ಳೆ ಪರದೆ ಸೇರಿ ಮೂರು ಟ್ರ್ಯಾಕ್ ಆದರೆ ಫ್ರೇಮ್ ದಪ್ಪ ಆಗುತ್ತದೆ. 6 ಇಂಚಿನ ಬ್ಲಾಕ್ ಗೋಡೆಯಲ್ಲಿ ಗ್ರಿಲ್ಲೂ ಫ್ರೇಮೂ ಎರಡೂ ಹಿಡಿಯುತ್ತವಾ ಎಂದು ಟೇಪ್ ಹಿಡಿದು ನೋಡಿ.

ಹಳೆ ಫ್ರೇಮ್ ಬಿಟ್ಟು ಅದರೊಳಗೇ ಹೊಸದನ್ನು ಕೂರಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಒಂದೇ ದಿನದಲ್ಲಿ ಮುಗಿಯುತ್ತದೆ, ಧೂಳಿಲ್ಲ. ಆದರೆ ಎಲ್ಲ ಕಡೆಯಿಂದ ಬೆಳಕು ಕಡಿಮೆಯಾಗುತ್ತದೆ. ಹಳೆ ಮರದಲ್ಲಿ ಗೆದ್ದಲಿದ್ದರೆ ಹೊಸ ಕಿಟಕಿಯ ಸ್ಕ್ರೂ ಹಿಡಿದಿರುವುದು ಮಣ್ಣನ್ನು. ಮರ ಪೂರ್ತಿ ಗಟ್ಟಿ ಇದ್ದರೆ ಮಾತ್ರ ಇದಕ್ಕೆ ಒಪ್ಪಿಕೊಳ್ಳಿ.

ಹಂತ 4: ಅಳತೆ

ಅತಿ ಜಾಸ್ತಿ ದುಡ್ಡು ನೀರುಪಾಲಾಗುವ ಜಾಗ ಇದು. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಒಮ್ಮೆ ತಯಾರಾದ ಮೇಲೆ ಅದನ್ನು ಕತ್ತರಿಸುವ ಹಾಗಿಲ್ಲ. ಅಳತೆ ತಪ್ಪಿದರೆ ಗಾಜು ಎಸೆಯುವುದೇ.

ಸಾಮಾನ್ಯವಾಗಿ ಮಾಡುವ ತಪ್ಪು ಹಳೆ ಫ್ರೇಮಿನ ಹೊರ ಅಳತೆಯನ್ನೇ ಕೊಟ್ಟುಬಿಡುವುದು. ಲೆಕ್ಕ ನೋಡಿ. ಹಳೆ ಫ್ರೇಮ್ ಹೊರಗಿನಿಂದ ಹೊರಕ್ಕೆ 1220 ಮಿ.ಮೀ. ಅಂದುಕೊಳ್ಳಿ, ಅಂದರೆ ಸುಮಾರು 4 ಅಡಿ. ಅದನ್ನು ಕಿತ್ತ ಮೇಲೆ ಇಟ್ಟಿಗೆಯಿಂದ ಇಟ್ಟಿಗೆಗೆ ಸುಮಾರು 1230 ಸಿಗುತ್ತದೆ. ಆ ಒರಟು ಅಂಚಿಗೆ ಎರಡೂ ಪಕ್ಕ 15 ಮಿ.ಮೀ. ಗಾರೆ ಮಾಡಿದರೆ ಉಳಿಯುವುದು 1200. ಫ್ರೇಮ್ ಸುತ್ತ ಒಂದೊಂದು ಬದಿಗೆ 5 ಮಿ.ಮೀ. ಸಂದು ಬೇಕು. ಹಾಗಾದರೆ ಹೊಸ ಫ್ರೇಮ್ 1190 ಇರಬೇಕು. ನೀವು 1220 ಹೇಳಿದ್ದರೆ? ಕಿಟಕಿ ಬಂದ ದಿನ ಗೋಡೆ ಕೆತ್ತಿ, ಗಾರೆ ಇಲ್ಲದ ಇಟ್ಟಿಗೆಗೆ ಫ್ರೇಮ್ ಅದುಮಿ, ಸಂದಿಗೆ ಸಿಮೆಂಟ್ ಮೆತ್ತಿ ಹೋಗುತ್ತಾರೆ. ಸೋರಿಕೆ ಶುರುವಾಗುವುದು ಅಲ್ಲೇ ಅಲ್ವಾ?

ಆದ್ದರಿಂದ ಆರ್ಡರಿಗೆ ಮುಂಚೆ ಫ್ರೇಮಿನ ಎರಡೂ ಪಕ್ಕ, ಮೇಲೆ, ಕೆಳಗೆ ಒಂದೊಂದು ಕಡೆ ಸ್ವಲ್ಪ ಗಾರೆ ಕೆತ್ತಿ ಇಟ್ಟಿಗೆಯ ಅಂಚು ಎಲ್ಲಿದೆ ಎಂದು ಕಣ್ಣಾರೆ ನೋಡಿ. ಅಲ್ಲಿಂದ ಅಲ್ಲಿಗೆ ಅಳೆಯಿರಿ. ಅಗಲವನ್ನು ಮೇಲೆ, ಮಧ್ಯ, ಕೆಳಗೆ ಮೂರು ಕಡೆ. ಎತ್ತರವನ್ನು ಎಡ, ಮಧ್ಯ, ಬಲ ಮೂರು ಕಡೆ. ಯಾವುದು ಚಿಕ್ಕದೋ ಅದೇ ನಿಮ್ಮ ಅಳತೆ. ಅದರಿಂದ ಗಾರೆಯ ದಪ್ಪ ಮತ್ತು ಸಂದು ಕಳೆಯಿರಿ. 5 ಅಡಿಗಿಂತ ದೊಡ್ಡ ಯುಪಿವಿಸಿ ಕಿಟಕಿಗೆ ಬದಿಗೆ 7–8 ಮಿ.ಮೀ. ಸಂದು ಬಿಡಿ. ಎತ್ತರದಲ್ಲಿ ಕೆಳಗಿನ ಗ್ರಾನೈಟ್ ಪಟ್ಟಿ ಮತ್ತು ಅದರ ಕೆಳಗಿನ ಸಿಮೆಂಟಿನ ದಪ್ಪ ಕಳೆಯುವುದನ್ನು ಮರೆಯುವವರು ತುಂಬಾ ಜನ.

ಅಳತೆಯೆಲ್ಲ ಮಿ.ಮೀ.ನಲ್ಲಿ ಇರಲಿ. ಇಂಚು, ಸೂತು ಎಂದು ಬಾಯಲ್ಲಿ ಹೇಳಿದ್ದು ಕಾರ್ಖಾನೆ ಮುಟ್ಟುವಷ್ಟರಲ್ಲಿ ಬದಲಾಗಿರುತ್ತದೆ. ಒಂದು ಹಾಳೆಯಲ್ಲಿ ಕಿಟಕಿಯ ಚಿತ್ರ ಬರೆದು, "ಒಳಗಿನಿಂದ ನೋಡಿದಂತೆ" ಎಂದು ಮೇಲೆ ಬರೆದು, ಯಾವ ಕದ ಯಾವ ಕಡೆ ಎಂದು ಗುರುತು ಹಾಕಿ ಎರಡೂ ಕಡೆಯವರು ಸಹಿ ಮಾಡಿ.

ಹಂತ 5: ಸಾಮಾನು ಜೋಡಿಸಿಕೊಳ್ಳುವುದು

ಕೀಳುವುದಕ್ಕೆ ಸುತ್ತಿಗೆ, ಚಾಣ, ಹಾರೆ, ಗರಗಸ, ಹ್ಯಾಕ್ಸಾ, ಕಟಿಂಗ್ ಮಷಿನ್ ಬೇಕು. ಕೂರಿಸುವುದಕ್ಕೆ ರಸಮಟ್ಟ, ತೂಕದ ಗುಂಡು, ಮೂಲೆಮಟ್ಟ, ಡ್ರಿಲ್, ಪ್ಲಾಸ್ಟಿಕ್ ಪ್ಯಾಕರ್‌ಗಳು (ಸಂದಿಗೆ ಇಡುವ ಸಣ್ಣ ಬಿಲ್ಲೆಗಳು), ಫ್ರೇಮ್ ಫಾಸ್ಟನರ್‌ಗಳು (ಫ್ರೇಮನ್ನು ಗೋಡೆಗೆ ಹಿಡಿಸುವ ಉದ್ದ ಸ್ಕ್ರೂಗಳು). ಮುಚ್ಚುವುದಕ್ಕೆ ಪಿಯು ಫೋಮ್ (ಡಬ್ಬಿಯಿಂದ ಬಂದು ಉಬ್ಬಿ ಗಟ್ಟಿಯಾಗುವ ನೊರೆ), ದುಂಡಗಿನ ಫೋಮ್ ಹಗ್ಗ, ನ್ಯೂಟ್ರಲ್ ಸಿಲಿಕೋನ್, ಕಾಗದದ ಟೇಪ್. ಕನ್ನಡಕ, ದಪ್ಪ ಕೈಗವಸು, ಮಾಸ್ಕ್ ಕಡ್ಡಾಯ.

ಸಿಲಿಕೋನ್ ಕೊಳ್ಳುವಾಗ ಟ್ಯೂಬ್ ಮೇಲೆ ಓದಿ. ಹುಳಿ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಸಿಮೆಂಟ್ ಮೇಲೆ ನೆಟ್ಟಗೆ ಹಿಡಿಯುವುದಿಲ್ಲ, ಲೋಹಕ್ಕೆ ತುಕ್ಕು ತರಿಸುತ್ತದೆ. ಗೋಡೆಗೆ ನ್ಯೂಟ್ರಲ್ ಎಂದು ಬರೆದಿರುವುದೇ ಆಗಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಸಮುದ್ರದ ಗಾಳಿಗೆ ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಕೇಳಿ.

ಹೊಸ ಕಿಟಕಿ ಮನೆಗೆ ಬಂದು, ಅದನ್ನು ನೀವೇ ಅಳೆದು, ಎರಡು ಕರ್ಣಗಳೂ (ಮೂಲೆಯಿಂದ ಎದುರು ಮೂಲೆಗೆ ಓರೆ ಅಳತೆ) ಒಂದೇ ಇವೆಯಾ ನೋಡುವ ತನಕ ಹಳೆಯದನ್ನು ಮುಟ್ಟಬೇಡಿ. "ನಾಳೆ ಬರುತ್ತೆ ಸಾರ್, ಇವತ್ತೇ ಕಿತ್ತುಬಿಡಿ" ಎಂಬ ಮಾತಿಗೆ ಒಪ್ಪಿದ ಮನೆಗಳು ವಾರಗಟ್ಟಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಮಲಗಿವೆ. ಟಫನ್ಡ್ ಗಾಜಿನ ಮೂಲೆಯಲ್ಲಿ ಮುದ್ರೆ ಇರುತ್ತದೆ, ಅದನ್ನೂ ಆಗಲೇ ನೋಡಿಕೊಳ್ಳಿ.

ಹಂತ 6: ಹಳೆ ಫ್ರೇಮ್ ತೆಗೆಯುವುದು

ಆ ಕೋಣೆಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ. ಕಿಟಕಿ ಪಕ್ಕದ ಗೋಡೆಯೊಳಗೆ ಎಸಿ ಅಥವಾ ಸ್ವಿಚ್ ಬೋರ್ಡಿನ ವೈರ್ ಹೋಗಿರುವುದು ಸಾಮಾನ್ಯ. ಹೊರಗಡೆ ಕೆಳಗೆ ಯಾರೂ ಓಡಾಡದಂತೆ ಅಡ್ಡ ಕಟ್ಟಿ.

ಹಳೆ ಬಣ್ಣದ ಬಗ್ಗೆ ಎಚ್ಚರ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಜಾಸ್ತಿ ಇರಬಹುದು. ಒಣಗಿದ ಬಣ್ಣವನ್ನು ಉಜ್ಜಿ ಧೂಳು ಎಬ್ಬಿಸಬೇಡಿ, ಸುಡಬೇಡಿ. ನೀರು ಚಿಮುಕಿಸಿ ಕೆಲಸ ಮಾಡಿ. ಮಕ್ಕಳು, ಬಸುರಿ ಹೆಂಗಸರು ಆ ದಿನ ಬೇರೆ ಕಡೆ ಇರಲಿ. ಕಿತ್ತ ಮರವನ್ನು ಸ್ನಾನದ ಒಲೆಗೆ ಹಾಕುವ ಅಭ್ಯಾಸ ಹಳ್ಳಿ ಕಡೆ ಇದೆ. ಬಣ್ಣ ಬಳಿದ ಮರಕ್ಕೆ ಅದು ಬೇಡ.

ಮೊದಲು ಕದಗಳನ್ನು ಇಳಿಸಿ. ಗಾಜಿನ ಮೇಲೆ ಗುಣಾಕಾರದ ಗುರುತಿನಂತೆ ಟೇಪ್ ಹಚ್ಚಿ. ಹಿಂಜಿನ ಸ್ಕ್ರೂ ತಲೆಯಲ್ಲಿ ಬಣ್ಣ ತುಂಬಿರುತ್ತದೆ, ಬ್ಲೇಡಿನಿಂದ ಕೆರೆದು ತಿರುಗಿಸಿದರೆ ಸಲೀಸಾಗಿ ಬರುತ್ತದೆ. ಆಮೇಲೆ ಕಂಬಿ ಕತ್ತರಿಸಿ.

ಈಗ ಮುಖ್ಯ ಕೆಲಸ. ಫ್ರೇಮಿನ ಸುತ್ತ, ಅಂಚಿನಿಂದ ಸುಮಾರು ಒಂದೂವರೆ ಇಂಚು ಬಿಟ್ಟು, ಕಟಿಂಗ್ ಮಷಿನ್‌ನಿಂದ ಗಾರೆಯನ್ನು ಗೆರೆ ಎಳೆದಂತೆ ಕೊಯ್ಯಿರಿ. 12–15 ಮಿ.ಮೀ. ಆಳ ಸಾಕು, ಇಟ್ಟಿಗೆ ತಾಗುವುದು ಬೇಡ. ಗೋಡೆಯ ಒಳಗೂ ಹೊರಗೂ ಎರಡೂ ಕಡೆ ಹೀಗೆ ಮಾಡಿ. ಈ ಗೆರೆ ಹಾಕದೆ ಸುತ್ತಿಗೆ ಎತ್ತಿದರೆ ಗಾರೆ ಹಪ್ಪಳದಂತೆ ಎರಡು ಅಡಿ ದೂರದವರೆಗೆ ಎದ್ದು ಬರುತ್ತದೆ, ಕೋಣೆಗೆಲ್ಲ ಬಣ್ಣ ಹೊಡೆಸಬೇಕಾಗುತ್ತದೆ.

ಗೆರೆಯೊಳಗಿನ ಗಾರೆಯನ್ನು ಚಾಣದಿಂದ ಬಿಡಿಸಿದಾಗ ಹೋಲ್ಡ್‌ಫಾಸ್ಟ್‌ಗಳು ಕಾಣುತ್ತವೆ. ಫ್ರೇಮಿಗೆ ಸ್ಕ್ರೂ ಹಾಕಿ, ಇನ್ನೊಂದು ತುದಿಯನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹುಗಿದ ಕಬ್ಬಿಣದ ಪಟ್ಟಿಗಳು ಇವು. ಒಂದೊಂದು ಪಕ್ಕಕ್ಕೆ ಎರಡೋ ಮೂರೋ ಇರುತ್ತವೆ. ಇವನ್ನು ಎಳೆದು ಕೀಳಲು ಹೋಗಬೇಡಿ. ಕಾಂಕ್ರೀಟ್ ಗಡ್ಡೆಯ ಜೊತೆ ಎರಡು ಮೂರು ಇಟ್ಟಿಗೆಯೂ ಸಡಿಲಾಗುತ್ತವೆ. ಗೋಡೆಯ ಅಂಚಿಗೆ ಸರಿಯಾಗಿ ಕತ್ತರಿಸಿ, ಉಳಿದ ತುದಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು ಅಲ್ಲೇ ಬಿಡಿ.

ಪಕ್ಕದ ಕಂಬವನ್ನು ಮಧ್ಯದಲ್ಲಿ ಓರೆಯಾಗಿ ಗರಗಸದಿಂದ ಕೊಯ್ಯಿರಿ. ನೇರ ಕೊಯ್ದರೆ ಎರಡು ತುಂಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಹಾರೆಯ ಕೆಳಗೆ ಮರದ ತುಂಡು ಇಟ್ಟು ಒಳಗಡೆಗೆ ಮೀಟಿ. ಕೆಳಗಿನ ಅರ್ಧಗಳು, ಕೆಳಪಟ್ಟಿ, ಆಮೇಲೆ ಮೇಲಿನ ಅರ್ಧಗಳು, ಕೊನೆಗೆ ಮೇಲಿನ ಪಟ್ಟಿ. ಹಾರೆಯನ್ನು ಲಿಂಟಲ್‌ಗೆ ಒತ್ತಿ ಮೀಟಬೇಡಿ. ಮೇಲಿನ ಮತ್ತು ಕೆಳಗಿನ ಪಟ್ಟಿಯ ತುದಿಗಳು ಗೋಡೆಯೊಳಗೆ ಮೂರ್ನಾಲ್ಕು ಇಂಚು ಹೊಕ್ಕಿರುತ್ತವೆ. ಪಟ್ಟಿಯನ್ನು ಕತ್ತರಿಸಿ ತೆಗೆದ ಮೇಲೆ ಆ ತುದಿಗಳನ್ನೂ ಚಾಣದಿಂದ ಚೂರು ಮಾಡಿ ಹೊರತೆಗೆಯಿರಿ. ಅಲ್ಲೇ ಬಿಟ್ಟು ಮೇಲೆ ಗಾರೆ ಮಾಡಿದರೆ ಗೆದ್ದಲಿಗೆ ಊಟ ಇಟ್ಟ ಹಾಗೆ.

ಕೀಳುವಾಗ ಮೇಲಿನಿಂದ ಮಣ್ಣು ಸಣ್ಣಗೆ ಉದುರುತ್ತಲೇ ಇದ್ದರೆ, ಅಥವಾ ಕಂಬ ಕೊಯ್ಯುವಾಗ ಗರಗಸ ಬಿಗಿಯಾಗಿ ಕಚ್ಚಿಕೊಂಡರೆ ತಕ್ಷಣ ನಿಲ್ಲಿಸಿ. ಭಾರ ಫ್ರೇಮಿನ ಮೇಲಿದೆ ಎಂಬುದರ ಗುರುತು ಅದು. ಕಂಬ ಕೊಟ್ಟು, ಹಂತ 2ಕ್ಕೆ ವಾಪಸ್ ಹೋಗಿ.

ಹಂತ 7: ಗೆದ್ದಲು ಮದ್ದು, ಓಪನಿಂಗ್ ಸರಿಪಡಿಸುವುದು

ಗೋಡೆ ಬರಿದಾಗಿರುವ ಈ ಹೊತ್ತು ಮತ್ತೆ ಸಿಗುವುದಿಲ್ಲ. ಮಣ್ಣಿನ ಕೊಳವೆಯಂಥ ಗೆದ್ದಲ ದಾರಿ ಕಂಡರೆ ಅದು ಎಲ್ಲಿಂದ ಬರುತ್ತಿದೆ ಎಂದು ಹಿಂಬಾಲಿಸಿ ನೋಡಿ. ಹೆಚ್ಚಾಗಿ ನೆಲದಿಂದ, ಗೋಡೆಯ ಸಂದುಗಳ ಮೂಲಕ ಬರುತ್ತದೆ. ಫ್ರೇಮ್ ಒಂದನ್ನೇ ಬದಲಿಸಿದರೆ ಗೆದ್ದಲು ಬಾಗಿಲಿಗೆ, ಕಪಾಟಿಗೆ ಹೋಗುತ್ತದೆ. ಪೆಸ್ಟ್ ಕಂಟ್ರೋಲ್‌ನವರನ್ನು ಇದೇ ದಿನ ಕರೆಸಿ, ಐಎಸ್ 6313 ಪ್ರಕಾರ ಮಾಡುತ್ತೀರಾ ಎಂದು ಕೇಳಿ. ಕಟ್ಟಡಗಳ ಗೆದ್ದಲು ನಿಯಂತ್ರಣಕ್ಕೆ ಇರುವ ಭಾರತೀಯ ಮಾನದಂಡ ಅದು.

ಮದ್ದು ಆರಿದ ಮೇಲೆ ಗಾರೆ. ಸಡಿಲ ಇಟ್ಟಿಗೆ ತೆಗೆದು ಮತ್ತೆ ಕಟ್ಟಿ. ಧೂಳು ಗುಡಿಸಿ, ಇಟ್ಟಿಗೆಗೆ ಚೆನ್ನಾಗಿ ನೀರು ಕುಡಿಸಿ. ಹಳೆ ಗಾರೆಯ ಅಂಚಿಗೆ ಬಾಂಡಿಂಗ್ ಲಿಕ್ವಿಡ್ (ಹೊಸ ಗಾರೆ ಹಿಡಿಯಲು ಬಳಿಯುವ ಅಂಟು ದ್ರವ) ಬಳಿಯಿರಿ. ಹೊಸ ಗಾರೆ ಹಳೆಯದಕ್ಕೆ ಸೇರುವ ಕಡೆ ಚಿಕನ್ ಮೆಶ್ (ತೆಳು ತಂತಿ ಬಲೆ) ಕೊಟ್ಟರೆ ಬಿರುಕು ಬರುವುದು ಕಡಿಮೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಅರ್ಧ ಗಂಟೆಯೊಳಗೆ ಬಳಸುವಷ್ಟೇ ಕಲಸಿ. ಗಟ್ಟಿಯಾಗುತ್ತಿರುವ ಗಾರೆಗೆ ಮತ್ತೆ ನೀರು ಹಾಕಿ ತಿರುವುವುದು ನಮ್ಮಲ್ಲಿ ತುಂಬಾ ನಡೆಯುತ್ತದೆ. ಆ ಗಾರೆಗೆ ಶಕ್ತಿ ಇರುವುದಿಲ್ಲ.

ಮೂಲೆಮಟ್ಟ ಹಿಡಿದೇ ಅಂಚು ತೆಗೆಯಬೇಕು. ಎರಡು ಕರ್ಣಗಳ ವ್ಯತ್ಯಾಸ 5 ಮಿ.ಮೀ. ಒಳಗಿರಲಿ. ಕಿಟಕಿ ಬಂದಾಗಿದೆ ಅಲ್ವಾ, ಅದರ ಅಳತೆಗೆ ಎರಡು ಕಡ್ಡಿ ಕತ್ತರಿಸಿ ಮೇಸ್ತ್ರಿ ಕೈಗೆ ಕೊಡಿ: ಒಂದು ಅಗಲಕ್ಕೆ, ಒಂದು ಎತ್ತರಕ್ಕೆ, ಸಂದು ಸೇರಿಸಿ. ಆ ಕಡ್ಡಿ ಎಲ್ಲ ಕಡೆ ಸಲೀಸಾಗಿ ಹೋಗಬೇಕು.

ಕೆಳಗಿನ ಕಟ್ಟೆಗೆ ಸಮಯ ಕೊಡಿ. ಫ್ರೇಮ್ ಕೂರುವ ಜಾಗ ಮಟ್ಟ ಇರಬೇಕು. ಅದರಿಂದ ಹೊರಗೆ ಇರುವ ಭಾಗ ಹೊರಕ್ಕೆ ಇಳಿಜಾರಾಗಿರಬೇಕು, 6 ಇಂಚಿಗೆ 8 ಮಿ.ಮೀ.ನಷ್ಟು. ಒಳಗಿನ ಕಟ್ಟೆ ಹೊರಗಿನದಕ್ಕಿಂತ ಅರ್ಧ ಇಂಚಾದರೂ ಎತ್ತರ ಇರಲಿ. ಗ್ರಾನೈಟ್ ಪಟ್ಟಿ ಗೋಡೆಯಿಂದ ಒಂದು ಇಂಚು ಹೊರಗೆ ಚಾಚಿ, ಅದರ ಅಡಿಯಲ್ಲಿ ಉದ್ದಕ್ಕೆ ಒಂದು ಗೀರು ಕೊಯ್ಸಿ. ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗೀರು ಇಲ್ಲದಿದ್ದರೆ ಅಡಿಯಿಂದ ಹರಿದು ಗೋಡೆಗೆ ಬರುತ್ತದೆ.

ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡಿ, ಆಮೇಲೆ ಒಣಗಲು ಬಿಡಿ. ಮಾರನೇ ದಿನವೇ ಡ್ರಿಲ್ ಹಾಕಿದರೆ ಅಂಚು ಒಡೆದು ಬೀಳುತ್ತದೆ. ಅಲ್ಲಿಯವರೆಗೆ ಓಪನಿಂಗ್‌ಗೆ ಒಳಗಿನಿಂದ ಪ್ಲೈವುಡ್ ಹಾಳೆ ಹಾಕಿ ಭದ್ರ ಮಾಡಿ. ಇದಕ್ಕಾಗಿಯೇ ಒಂದೊಂದು ಕೋಣೆ ಮುಗಿಸುತ್ತಾ ಹೋಗುವುದು ಒಳ್ಳೆಯದು.

ಗ್ರಿಲ್ ವೆಲ್ಡಿಂಗ್ ಇದ್ದರೆ ಈಗಲೇ ಮುಗಿಸಿ. ಗ್ರಾನೈಟ್ ಕಟಿಂಗ್ ಕೂಡ. ಕಿಟಕಿ ಕೂರಿಸಿದ ಮೇಲೆ ವೆಲ್ಡಿಂಗ್ ಮಾಡಿದರೆ ಕಿಡಿಗಳು ಗಾಜಿನಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತವೆ. ಅವನ್ನು ಯಾವುದರಿಂದ ಉಜ್ಜಿದರೂ ಹೋಗಿಸಲು ಆಗುವುದಿಲ್ಲ. ಯುಪಿವಿಸಿ ಮೇಲೆ ಕಂದು ಚುಕ್ಕೆ ಸುಟ್ಟು ಕೂರುತ್ತದೆ. ಪುಟ್ಟಿ, ಪ್ರೈಮರ್, ಹೊರಗಿನ ಬಣ್ಣದ ಒಂದು ಕೋಟ್ ಸಹ ಫ್ರೇಮಿಗೆ ಮುಂಚೆಯೇ ಆಗಲಿ, ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ.

ಹಂತ 8: ಫ್ರೇಮ್ ಕೂರಿಸುವುದು

ಕದಗಳನ್ನು ತೆಗೆದಿಟ್ಟು ಬರೀ ಫ್ರೇಮನ್ನು ಎತ್ತಿ. ಮೇಲಿನ ಮಹಡಿಯಾದರೆ ಫ್ರೇಮಿಗೆ ಹಗ್ಗ ಕಟ್ಟಿ ಒಳಗೆ ಒಬ್ಬರು ಹಿಡಿದಿರಲಿ. ನೀರು ಹೋಗುವ ಸಣ್ಣ ಸೀಳುಗಳು ಇರುವ ಕಡೆ ಹೊರಗೆ ಬರಬೇಕು. ತಿರುವು ಮುರುವಾಗಿ ಕೂರಿಸಿದ ಕಿಟಕಿಗಳು ನಿಜಕ್ಕೂ ಇವೆ, ಅವು ಮಳೆ ನೀರನ್ನು ಕೋಣೆಯೊಳಗೇ ಬಿಡುತ್ತವೆ.

ಕೆಳಗೆ ಎರಡು ತುದಿಗೂ, ಮಧ್ಯದ ಕಂಬದ ಅಡಿಗೂ ಪ್ಲಾಸ್ಟಿಕ್ ಪ್ಯಾಕರ್ ಇಟ್ಟು ರಸಮಟ್ಟ ನೋಡಿ. ಪಕ್ಕದ ಕಂಬಗಳನ್ನು ಎರಡು ಮುಖದಿಂದಲೂ ತೂಕದ ಗುಂಡಿಗೆ ಹಿಡಿಯಿರಿ. ಫ್ರೇಮಿನ ಕರ್ಣಗಳ ವ್ಯತ್ಯಾಸ 2–3 ಮಿ.ಮೀ. ದಾಟಬಾರದು. ಮರದ ಚೂರನ್ನು ಬೆಣೆಯಾಗಿ ಹಾಕಿ ಒಳಗೇ ಬಿಡುವುದು ಬೇಡ. ಅದು ಒದ್ದೆಯಾಗಿ ಉಬ್ಬುತ್ತದೆ, ಮತ್ತೆ ಗೆದ್ದಲನ್ನು ಕರೆಯುತ್ತದೆ.

ಮೊದಲ ಸ್ಕ್ರೂ ಮೂಲೆಯಿಂದ 150 ಮಿ.ಮೀ. ದೂರದಲ್ಲಿ. ಅಲ್ಲಿಂದ ಮುಂದೆ 600 ಮಿ.ಮೀ.ಗೆ ಮೀರದಂತೆ ಒಂದೊಂದು. ಸ್ಕ್ರೂ ಗಾರೆ ದಾಟಿ ಇಟ್ಟಿಗೆಯೊಳಗೆ ಕನಿಷ್ಠ 40 ಮಿ.ಮೀ. ಹೋಗಬೇಕು. ಬರೀ ಗಾರೆಯಲ್ಲಿ ನಿಂತ ಸ್ಕ್ರೂ ಕದ ಎಳೆದೆಳೆದು ಸಡಿಲಾಗುತ್ತದೆ. ಪ್ರತಿ ಸ್ಕ್ರೂ ಪಕ್ಕದಲ್ಲಿ ಫ್ರೇಮಿಗೂ ಗೋಡೆಗೂ ನಡುವೆ ಪ್ಯಾಕರ್ ಇರಲೇಬೇಕು. ಇಲ್ಲದಿದ್ದರೆ ಬಿಗಿ ಮಾಡುತ್ತಿದ್ದಂತೆ ಫ್ರೇಮ್ ಗೋಡೆ ಕಡೆ ಬಾಗುತ್ತದೆ. ಸ್ಲೈಡಿಂಗ್ ಕದ ಒಂದು ಕಡೆ ಸಿಕ್ಕಿಕೊಳ್ಳುವುದು, ಇನ್ನೊಂದು ಕಡೆ ಬೆಳಕು ಕಾಣುವಷ್ಟು ಸಂದು ಬಿಡುವುದು ಇದರಿಂದಲೇ.

ಕೆಳಗಿನ ಟ್ರ್ಯಾಕಿಗೆ ಸ್ಕ್ರೂ ಹೊಡೆಯಲು ಬಿಡಬೇಡಿ. ಟ್ರ್ಯಾಕಿನಲ್ಲಿ ನಿಂತ ಮಳೆ ನೀರು ಆ ತೂತಿನಿಂದ ನೇರ ಗೋಡೆಯೊಳಗೆ ಇಳಿಯುತ್ತದೆ. ಕಿಟಕಿ ತುಂಬಾ ಅಗಲವಿದ್ದು ಹೊಡೆಯಲೇಬೇಕಾದರೆ ತೂತಿಗೆ ಸಿಲಿಕೋನ್ ತುಂಬಿ, ಸ್ಕ್ರೂ ಹಾಕಿ, ತಲೆಯ ಮೇಲೂ ಸಿಲಿಕೋನ್ ಹಚ್ಚಿ.

ಗೋಡೆ ನೋಡಿ ಡ್ರಿಲ್ ಹಿಡಿಯಿರಿ. ಹಾಲೋ ಬ್ಲಾಕ್ ಆದರೆ ಹ್ಯಾಮರ್ ಆಫ್ ಮಾಡಿ, ಇಲ್ಲದಿದ್ದರೆ ಬ್ಲಾಕಿನ ತೆಳು ಗೋಡೆ ಒಡೆದುಹೋಗುತ್ತದೆ. ಕರಾವಳಿಯ ಮುರಕಲ್ಲು ಮೆತ್ತಗೆ, ತೂತು ತೂತು. ಮಾಮೂಲಿ ಫಾಸ್ಟನರ್ ಅಲ್ಲಿ ಸುಮ್ನೆ ತಿರುಗುತ್ತಾ ಇರುತ್ತದೆ. ಉದ್ದದ ಸ್ಕ್ರೂ ಜೊತೆ ಕೆಮಿಕಲ್ ಆಂಕರ್ (ತೂತಿನೊಳಗೆ ಗಟ್ಟಿಯಾಗಿ ಸ್ಕ್ರೂ ಹಿಡಿಯುವ ಅಂಟು) ಹಾಕಬೇಕು, ಇಲ್ಲವೇ ಗಾರೆ ಮಾಡುವ ಹಂತದಲ್ಲೇ ಸ್ಕ್ರೂ ಬರುವ ಕಡೆ ಕಲ್ಲು ಕೆತ್ತಿ ಕಾಂಕ್ರೀಟ್ ತುಂಬಿಸಿರಬೇಕು.

ಮರದ ಫ್ರೇಮೇ ಹಾಕುವವರಿಗೆ ಈ ಹಂತದ ಕ್ರಮ ಬೇರೆ. ಗೋಡೆಗೆ ತಾಗುವ ಮುಖಕ್ಕೆ ಎರಡು ಕೋಟ್ ಮರದ ಪ್ರೈಮರ್ ಅಥವಾ ಗೆದ್ದಲು ನಿರೋಧಕ ಬಳಿದು, ಒಣಗಿಸಿ, ಹೋಲ್ಡ್‌ಫಾಸ್ಟ್ ಜೋಡಿಸಿ, ಫ್ರೇಮ್ ನಿಲ್ಲಿಸಿ ಆನಿಕೆ ಕೊಡಿ. ಹೋಲ್ಡ್‌ಫಾಸ್ಟ್ ಗುಂಡಿಗೆ ಕಾಂಕ್ರೀಟ್ ತುಂಬಿ ಗಟ್ಟಿಯಾದ ಮೇಲೆಯೇ ಗಾರೆ. ಹಸಿ ಮರ ಮಾತ್ರ ಬೇಡ, ಬೇಸಿಗೆ ಬರುವಷ್ಟರಲ್ಲಿ ತಿರುಚಿಕೊಳ್ಳುತ್ತದೆ.

ಹಂತ 9: ಸಂದು ಮುಚ್ಚುವುದು

ಯುಪಿವಿಸಿ, ಅಲ್ಯೂಮಿನಿಯಂ ಫ್ರೇಮಿನ ಸುತ್ತಲ ಸಂದಿಗೆ ಸಿಮೆಂಟ್, ವೈಟ್ ಸಿಮೆಂಟ್, ವಾಲ್ ಪುಟ್ಟಿ ಯಾವುದನ್ನೂ ತುಂಬಬೇಡಿ. ಒಂದೂವರೆ ಮೀಟರ್ ಉದ್ದದ ಯುಪಿವಿಸಿ 30 ಡಿಗ್ರಿ ತಾಪಮಾನ ಬದಲಾದರೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಪಶ್ಚಿಮದ ಬಿಸಿಲು ಬೀಳುವ ಗಾಢ ಬಣ್ಣದ ಫ್ರೇಮಿಗೆ ಅಷ್ಟು ಬದಲಾವಣೆ ದೊಡ್ಡದೇನಲ್ಲ. ಸಿಮೆಂಟಿಗೆ ಹಿಗ್ಗುವ ಗುಣ ಇಲ್ಲ. ಬೇಸಿಗೆಯಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ, ಮಳೆಗಾಲದಲ್ಲಿ ಅದೇ ಸೀಳು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಸಂದಿನ ಒಳಭಾಗಕ್ಕೆ ಪಿಯು ಫೋಮ್. ಮೊದಲು ಧೂಳು ತೆಗೆದು ಸ್ವಲ್ಪ ನೀರು ಸಿಂಪಡಿಸಿ, ಫೋಮ್ ಗಟ್ಟಿಯಾಗಲು ತೇವ ಬೇಕು. ಕೆಳಗಿನಿಂದ ಮೇಲಕ್ಕೆ, ಸಂದಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಸಾಕು, ಉಳಿದದ್ದನ್ನು ಅದೇ ಉಬ್ಬಿ ತುಂಬುತ್ತದೆ. ಪೂರ್ತಿ ತುಂಬಿದರೆ ಆ ಒತ್ತಡಕ್ಕೆ ಫ್ರೇಮೇ ಒಳಗೆ ಬಾಗುತ್ತದೆ. ಹಸಿ ಇರುವಾಗ ಬೆರಳಿನಿಂದ ಒರೆಸಬೇಡಿ. ಗಟ್ಟಿಯಾದ ಮೇಲೆ ಬ್ಲೇಡಿನಿಂದ ಕೊಯ್ದು ಸಮ ಮಾಡಿ. ಫೋಮನ್ನು ಬಿಸಿಲಿಗೆ ಹಾಗೇ ಬಿಟ್ಟರೆ ಹಳದಿಯಾಗಿ ಪುಡಿಯಾಗುತ್ತದೆ. ಜೊತೆಗೆ, ಫೋಮ್ ಒಂದೇ ನೀರು ತಡೆಯುತ್ತದೆ ಎಂದುಕೊಳ್ಳಬೇಡಿ.

ನೀರು ತಡೆಯುವುದು ಹೊರಗಿನ ಸಿಲಿಕೋನ್. ಫೋಮ್ ಅಂಚಿನಿಂದ 8–10 ಮಿ.ಮೀ. ಹಿಂದಿರಲಿ. ಆ ಜಾಗಕ್ಕೆ ಫೋಮ್ ಹಗ್ಗ ಒತ್ತಿ, ಎರಡೂ ಅಂಚಿಗೆ ಟೇಪ್ ಹಚ್ಚಿ, ಪೂರ್ತಿ ಒಣಗಿರುವ ಮೇಲ್ಮೈ ಮೇಲೆ ಸಿಲಿಕೋನ್ ಎಳೆಯಿರಿ. ಅದು ಫ್ರೇಮಿಗೆ ಮತ್ತು ಗೋಡೆಗೆ, ಎರಡು ಕಡೆ ಮಾತ್ರ ಅಂಟಬೇಕು. ಹಿಂದೆ ಹಗ್ಗ ಇದ್ದರೆ ರಬ್ಬರಿನ ಹಾಗೆ ಎಳೆದು ಬಿಡಲು ಅದಕ್ಕೆ ಜಾಗ ಸಿಗುತ್ತದೆ. ಮೇಲಿನ ಸಂದನ್ನು ಬಿಟ್ಟುಬಿಡುವುದು ಕೆಲಸದವರ ಅಭ್ಯಾಸ, ಕೆಳಗೆ ನಿಂತರೆ ಕಾಣುವುದಿಲ್ಲವಲ್ಲ. ಏಣಿ ಹತ್ತಿ ನೋಡಿ.

ಕೆಳಗಡೆ ನೀರು ಹೋಗುವ ಸೀಳುಗಳ ಮೇಲೆ ಸಿಲಿಕೋನ್ ಬೀಳಬಾರದು. ಅವು ತೂತು ಬಿಟ್ಟಿದ್ದಾರೆ ಎಂದು ಮುಚ್ಚಿಬಿಡುವವರಿದ್ದಾರೆ. ಮುಚ್ಚಿದರೆ ಟ್ರ್ಯಾಕ್ ತುಂಬಿ ನೀರು ಒಳಗೇ ಬೀಳುತ್ತದೆ.

ಹಂತ 10: ನೀರು ಹಾಕಿ ನೋಡುವುದು

ಸಿಲಿಕೋನ್ ಎರಡು ದಿನ ಒಣಗಲಿ. ಕದಗಳನ್ನು ಕೂರಿಸಿ, ಟ್ರ್ಯಾಕಿಗೆ ಒಂದು ಚೊಂಬು ನೀರು ಸುರಿಯಿರಿ. ಸ್ವಲ್ಪ ಹೊತ್ತಿಗೆ ಅದು ಹೊರಗಡೆಯಿಂದ ಹೋಗಬೇಕು.

ಆಮೇಲೆ ಹೊರಗಿನಿಂದ ಪೈಪ್ ಹಿಡಿಯಿರಿ. ಮೊದಲು ಕೆಳಗಿನ ಸಂದಿಗೆ ಹತ್ತು ನಿಮಿಷ, ಆಮೇಲೆ ಪಕ್ಕಗಳಿಗೆ, ಕೊನೆಗೆ ಮೇಲೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಎಲ್ಲಿ ಸೋರುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಕಿಟಕಿ ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ, ಟಾರ್ಚ್ ಹಿಡಿದು ಮೂಲೆಗಳನ್ನು ನೋಡುತ್ತಿರಲಿ. ಒಂದು ಹನಿ ಕಂಡರೂ ಆ ಜಾಗದ ಸಿಲಿಕೋನ್ ಪೂರ್ತಿ ಕೊಯ್ದು ತೆಗೆದು ಹೊಸದಾಗಿ ಹಾಕಿಸಿ. ಹಳೆಯದರ ಮೇಲೆ ಬಳಿದ ಸಿಲಿಕೋನ್ ನಿಲ್ಲುವುದಿಲ್ಲ.

ಕೊನೆಯ ಕಂತಿನ ಹಣ ಈ ಪರೀಕ್ಷೆ ಆದ ಮೇಲೆ ಎಂದು ಆರ್ಡರ್ ಕೊಡುವಾಗಲೇ ಹೇಳಿಬಿಡಿ. ಫ್ರೇಮ್ ಮೇಲಿನ ರಕ್ಷಣಾ ಟೇಪನ್ನು ಅದೇ ವಾರ ಕಿತ್ತು ಹಾಕಿ, ಬಿಸಿಲು ತಿಂದರೆ ಅದರ ಅಂಟು ಫ್ರೇಮಿನಲ್ಲೇ ಉಳಿಯುತ್ತದೆ. ಮೊದಲ ಜೋರು ಮಳೆಯ ಮಾರನೇ ಬೆಳಿಗ್ಗೆ ಪ್ರತಿ ಕಿಟಕಿಯ ಕೆಳಗಿನ ಎರಡು ಮೂಲೆಗೂ, ಮೇಲಿನ ಎರಡು ಮೂಲೆಗೂ ಅಂಗೈ ಒತ್ತಿ ನೋಡಿ. ತಣ್ಣಗೆ ಒದ್ದೆ ಅನ್ನಿಸಿದರೆ ಬಣ್ಣ ಉಬ್ಬುವವರೆಗೆ ಕಾಯದೆ ಅವತ್ತೇ ಫೋನ್ ಮಾಡಿ.